ಪೊಟ್ಟಣ ಗಾಳಿ ತಿನ್ನುತ್ತೆ, ನೀರು ಕುಡಿಯಲ್ಲ

2023ರ ಜುಲೈ. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ತುರುವೇಕೆರೆ ಪಕ್ಕದ ನಮ್ಮೂರಿನಿಂದ ದೊಡ್ಡಪ್ಪನ ಫೋನ್ ಬಂತು. ನಾನು ಟಿವಿಯಲ್ಲಿ ಜೋರು ಮಾಡಿದ ದಿನ ಅವರು ಫೋನ್ ಮಾಡೋದು ವಾಡಿಕೆ. "ಅಷ್ಟು ಕೂಗ್ಬೇಡ ಕಣಪ್ಪ, ಗಂಟಲು ಹೋಗ್ತದೆ" ಅಂತ ಹೇಳಿ ಇಡ್ತಾರೆ. ಅವತ್ತಿನ ವಿಷಯ ಬೇರೆ ಇತ್ತು.

"ಲೇ ಮಗ, ಮೊಬೈಲಲ್ಲಿ ಒಂದು ವಿಡಿಯೋ ಬಂದೈತೆ. ಬಿಳೀ ಪೊಟ್ಟಣ. ಅದನ್ನ ಚೀಲದೊಳಕ್ಕೆ ಹಾಕಿ ಬಾಯಿ ಮುಚ್ಚಿದ್ರೆ ಹತ್ತು ವರ್ಷ ಏನೂ ಕೆಡಲ್ವಂತೆ. ಕೊಬ್ಬರಿಗೂ ಆಗ್ತದಂತೆ. ನಿಜವಾ? ನೀನು ಇಂಜಿನಿಯರಿಂಗ್ ಓದಿದೋನು, ಹೇಳು."

ಅವರು ಕೇಳಿದ್ದಕ್ಕೆ ಕಾರಣ ಇತ್ತು. ಅಟ್ಟದಿಂದ ಕಾಯಿ ಇಳಿಸಿ, ಸುಲಿಸಿ, ಚಿಪ್ಪು ಒಡೆಸಿ ಆರು ಕ್ವಿಂಟಲ್ ಉಂಡೆ ಕೊಬ್ಬರಿ ಚೀಲಕ್ಕೆ ತುಂಬಿಸಿದ್ದರು. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ಮಾರಿದರೆ ಲುಕ್ಸಾನು. ಇಟ್ಟುಕೊಂಡರೆ? ಹೊರಗೆ ಆಷಾಢದ ಜಡಿ. ಚಿಪ್ಪು ಒಡೆದ ಕೊಬ್ಬರಿ ಮಳೆಗಾಲದಲ್ಲಿ ಎಷ್ಟು ದಿನ ತಡೆಯುತ್ತೆ ಅನ್ನೋದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಯಾವ ರೈತನನ್ನು ಕೇಳಿದರೂ ಗೊತ್ತು.

ವೀಕ್ಷಕರೇ, ಆ ಬಿಳಿ ಪೊಟ್ಟಣವನ್ನು ನೀವೂ ನೋಡಿರ್ತೀರಿ. ಬಾದಾಮಿ ಪ್ಯಾಕೆಟ್ಟಿನಲ್ಲಿ, ಪ್ಯಾಕ್ ಮಾಡಿದ ಸಿಹಿತಿಂಡಿ ಡಬ್ಬಿಯಲ್ಲಿ, ಮೇಲೆ "ತಿನ್ನಬೇಡಿ" ಅಂತ ಕೆಂಪಕ್ಷರದಲ್ಲಿ ಬರೆದಿರುತ್ತೆ. ನಮ್ಮ ಸುದ್ದಿಮನೆಗೂ ವರ್ಷಕ್ಕೆ ನಾಲ್ಕು ಸಲವಾದರೂ ಅದರ ಫೋಟೋ ಬರುತ್ತೆ, "ಮಕ್ಕಳ ತಿಂಡಿಯಲ್ಲಿ ವಿಷ, ಬ್ರೇಕಿಂಗ್ ಹಾಕಿ ಸಾರ್" ಅಂತ. ವಿಷ ಅಲ್ಲ. ಅದರೊಳಗೆ ಇರೋದು ಕಬ್ಬಿಣದ ಪುಡಿ, ಒಂದಿಷ್ಟು ಉಪ್ಪು, ಇದ್ದಿಲ ಪುಡಿ, ತುಸು ತೇವ ಹಿಡಿದಿಟ್ಟುಕೊಳ್ಳೋ ಪದಾರ್ಥ. ತಿನ್ನೋ ವಸ್ತುವಂತೂ ಅಲ್ಲ, ಮಕ್ಕಳ ಕೈಗೆ ಕೊಡಬಾರದು. ಆದರೆ ಅದು ಮಾಡೋ ಕೆಲಸ ನಿಮ್ಮ ಮನೆ ಬಾವಿಯ ರಾಟೆ ನೂರು ವರ್ಷದಿಂದ ಮಾಡ್ತಾ ಇದೆ. ತುಕ್ಕು ಹಿಡಿಯೋದು. ಅಷ್ಟೇ.

ಕಬ್ಬಿಣ ತುಕ್ಕು ಹಿಡಿಯಬೇಕಾದರೆ ಆಕ್ಸಿಜನ್ ಬೇಕು, ನೀರಿನ ಪಸೆ ಬೇಕು. ಉಪ್ಪು ಇದ್ದರೆ ಬೇಗ ಹಿಡಿಯುತ್ತೆ. ಮಂಗಳೂರಿನ ಗೇಟುಗಳು ತುಮಕೂರಿನ ಗೇಟುಗಳಿಗಿಂತ ಬೇಗ ಉದುರೋದು ಇದಕ್ಕೇ. ಕಬ್ಬಿಣವನ್ನು ನುಣ್ಣಗೆ ಪುಡಿ ಮಾಡಿ, ಉಪ್ಪು ಸೇರಿಸಿ, ಗಾಳಿಯಾಡೋ ಕಾಗದದಲ್ಲಿ ಕಟ್ಟಿ, ಮುಚ್ಚಿದ ಚೀಲದೊಳಗೆ ಬಿಟ್ಟರೆ ಅದು ಒಂದೆರಡು ದಿನದೊಳಗೆ ಅಲ್ಲಿದ್ದ ಆಕ್ಸಿಜನ್ ಎಲ್ಲವನ್ನೂ ತುಕ್ಕಾಗಿಸಿಕೊಂಡು ಬಿಡುತ್ತೆ. ನಾವು ಉಸಿರಾಡೋ ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇ. 21. ಒಳ್ಳೇ ಪೊಟ್ಟಣ, ಸರಿಯಾದ ಚೀಲ ಇದ್ದರೆ ಅದು ಶೇ. 0.1ಕ್ಕಿಂತಲೂ ಕೆಳಗೆ ಇಳಿಯುತ್ತೆ. ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ ಕಂಪನಿ 1977ರಲ್ಲಿ ಇದನ್ನು 'ಏಜ್‌ಲೆಸ್' ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿಂದ ಲೋಕವೆಲ್ಲ ಹರಡಿತು.

ಇದನ್ನೇ ಫೋನಿನಲ್ಲಿ ದೊಡ್ಡಪ್ಪನಿಗೆ ವಿವರಿಸಿದೆ. ಅವರು ಎಲ್ಲ ಕೇಳಿ, "ಅಂದ್ರೆ ಹಗೇವು" ಅಂದರು.

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದವನಿಗೆ ಹೊಳೆಯದೇ ಇದ್ದದ್ದು ಅವರಿಗೆ ಅರೆಗಳಿಗೆಯಲ್ಲಿ ಹೊಳೀತು.

ಹಗೇವು ಅಂದರೆ ಏನು ಅಂತ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ, ನೀರು ಒಸರದ ಜಾಗದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹೊದಿಸಿ, ಒಣಗಿದ ರಾಗಿ ಸುರಿದು, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಹಾಗೇ ಇರ್ತಿತ್ತು. ಬರಗಾಲಕ್ಕೆ ಅದೇ ಬ್ಯಾಂಕು. ಯಾಕೆ ಕೆಡ್ತಿರಲಿಲ್ಲ? ಕಾಳು ಜೀವ ಇರೋ ವಸ್ತು, ಉಸಿರಾಡುತ್ತೆ. ಒಳಗೆ ಸೇರಿಕೊಂಡ ಹುಳವೂ ಉಸಿರಾಡುತ್ತೆ. ಎರಡೂ ಸೇರಿ ಗುಂಡಿಯೊಳಗಿನ ಆಕ್ಸಿಜನ್ ಮುಗಿಸಿಬಿಡ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ. ಆಮೇಲೆ ಹುಳ ಸಾಯುತ್ತೆ, ರಾಗಿ ಉಳಿಯುತ್ತೆ. ಪೊಟ್ಟಣದಲ್ಲಿ ಕಬ್ಬಿಣ ಮಾಡೋ ಕೆಲಸವನ್ನು ಹಗೇವಿನಲ್ಲಿ ರಾಗಿಯೇ ಮಾಡ್ತಿತ್ತು.

ಅದಕ್ಕೇ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯ. ಅವಸರ ಮಾಡಿ ಇಳಿದು ಹೆಣವಾಗಿ ಬಂದವರ ಕಥೆಗಳು ಹಳೇ ಊರುಗಳಲ್ಲಿ ಈಗಲೂ ಇವೆ. (ಈಗ ಒಣಬಾವಿಗೋ ಮ್ಯಾನ್‌ಹೋಲಿಗೋ ದೀಪ ಇಳಿಸಿ ನೋಡಿ ಇಳೀತೀನಿ ಅಂತ ಯಾರೂ ಹೊರಡಬೇಡಿ. ದೀಪ ಉರಿಯೋ ಗಾಳಿಯಲ್ಲೂ ವಿಷಾನಿಲ ಇರಬಹುದು.)

ಸರಿ, ರಾಗಿಗೆ ಹಗೇವು. ಕೊಬ್ಬರಿಗೆ ಏನು? ಕೊಬ್ಬರಿಗೆ ಅದರ ಚಿಪ್ಪೇ ಹಗೇವು.

ಕಲ್ಪತರು ನಾಡಿನ ಉಂಡೆ ಕೊಬ್ಬರಿ ತಯಾರಾಗೋ ಬಗೆಯನ್ನು ಬೇರೆ ಜಿಲ್ಲೆಯವರಿಗಾಗಿ ಒಂದಿಷ್ಟು ಹೇಳ್ತೀನಿ. ಕೇರಳದಲ್ಲಿ ಹೆಚ್ಚಾಗಿ ಕಾಯಿ ಒಡೆದು, ಹೋಳುಗಳನ್ನು ಬಿಸಿಲಿಗೋ ಹೊಗೆಗೂಡಿಗೋ ಹಾಕಿ ಒಣಗಿಸಿ ಎಣ್ಣೆಗೆ ಕಳಿಸ್ತಾರೆ. ನಮ್ಮಲ್ಲಿ ಹಾಗಲ್ಲ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕ್ತಾರೆ. ಎಂಟರಿಂದ ಹನ್ನೆರಡು ತಿಂಗಳು ಅದು ಅಲ್ಲೇ. ಒಳಗಿನ ನೀರು ನಿಧಾನಕ್ಕೆ ಇಂಗುತ್ತೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸುಲಿದು, ಚಿಪ್ಪನ್ನು ಮಾತ್ರ ಒಡೆದು, ಉಂಡೆಯನ್ನು ಗಾಯ ಆಗದ ಹಾಗೆ ತೆಗೀತಾರೆ. ಹಸಿ ತಿರುಳಿನಲ್ಲಿ ಅರ್ಧಕ್ಕರ್ಧ ನೀರು. ಒಳ್ಳೇ ಕೊಬ್ಬರಿಯಲ್ಲಿ ಅದು ಶೇ. 6-7ಕ್ಕೆ ಇಳಿದಿರಬೇಕು. ಈ ಉಂಡೆಗಳೇ ತಿಪಟೂರಿನಿಂದ ದೆಹಲಿ, ರಾಜಸ್ಥಾನ, ಗುಜರಾತ್ ಕಡೆಗೆ ಹೋಗೋದು. ಅಲ್ಲಿ ಮದುವೆ, ಹಬ್ಬ, ಪೂಜೆಗೆ ಡ್ರೈ ಫ್ರೂಟ್ ಸಾಲಿನಲ್ಲಿ ಇದಕ್ಕೂ ಜಾಗ.

ಈ ಒಂದು ವರ್ಷ ಪೂರ್ತಿ ತಿರುಳಿಗೆ ಹೊರಗಿನ ಗಾಳಿ, ನೊಣ, ಹುಳ, ಬೂಷ್ಟಿನ ಬೀಜ ಯಾವುದೂ ಸುಲಭಕ್ಕೆ ತಾಗಲ್ಲ. ನಾರಿನ ದಪ್ಪ ಹೊದಿಕೆ, ಅದರೊಳಗೆ ಕಲ್ಲಿನಂಥ ಚಿಪ್ಪು. ಯಾವ ಫ್ಯಾಕ್ಟರಿಯೂ ಇಷ್ಟು ಗಟ್ಟಿ ಪ್ಯಾಕಿಂಗ್ ಕೊಡಲ್ಲ. ಚಿಪ್ಪು ಒಡೆದ ಮರುಗಳಿಗೆಯಿಂದ ಲೆಕ್ಕ ಬೇರೆ. ದೊಡ್ಡಪ್ಪನ ಆರು ಕ್ವಿಂಟಲ್ ಆ ಲೆಕ್ಕಕ್ಕೆ ಬಿದ್ದಿತ್ತು.

"ಹಂಗಾದ್ರೆ ಪೊಟ್ಟಣ ಹಾಕಿ ಮತ್ತೆ ಚಿಪ್ಪಿನೊಳಗೆ ಇಟ್ಟಂಗೆ ಮಾಡಬಹುದಲ್ಲ?" ಅಂತ ಅವರು ಕೇಳಿದರು. ಆಗಬಹುದು ಅಂದೆ. ಆ ವಾರದ ರಜಕ್ಕೆ ಊರಿಗೆ ಹೋಗುವಾಗ ಅಲ್ಯೂಮಿನಿಯಂ ಒಳಪದರ ಇರೋ ಚೀಲಗಳು, ಪೊಟ್ಟಣಗಳು ತರಿಸಿಕೊಂಡು ಹೋದೆ. ಅಷ್ಟೇನೂ ದುಬಾರಿ ಅಲ್ಲ, ಪೊಟ್ಟಣಕ್ಕೆ ಕೆಲವೇ ರೂಪಾಯಿ.

ಎರಡು ಬಗೆ ಕೊಬ್ಬರಿ ತುಂಬಿದೆವು. ಒಂದಕ್ಕೆ, ಅವತ್ತೇ ದೊಡ್ಡಮ್ಮ ಅಟ್ಟದಿಂದ ಗಡಗಡ ಅನ್ನೋ ಕಾಯಿ ಆರಿಸಿ ಕೊಟ್ಟು, ಒಡೆಸಿ ತೆಗೆದ ಕೊಬ್ಬರಿ. ಇನ್ನೊಂದಕ್ಕೆ, ಮೂರು ವಾರದಿಂದ ಗೋಣಿಚೀಲದಲ್ಲಿ ಜಡಿಮಳೆಯ ತೇವ ಕುಡಿದಿದ್ದ ಕೊಬ್ಬರಿ. ನೋಡೋಕೆ ಎರಡೂ ಒಂದೇ ಥರ. ಬಗ್ಗಿಸಿದಾಗ ಮಾತ್ರ ಮೊದಲಿನದು ಟಪ್ಪಂತ ಮುರೀತು, ಎರಡನೆಯದು ಚರ್ಮದ ಹಾಗೆ ಬಾಗಿ ಆಮೇಲೆ ಹರೀತು. ಅದನ್ನು ನೋಡಿಯೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಕ್ಸಿಜನ್ನೇ ಇಲ್ಲದ ಮೇಲೆ ಕೆಡೋದು ಹೇಗೆ ಅನ್ನೋ ಧೈರ್ಯ. ಇಂಜಿನಿಯರಿಂಗ್ ಓದಿದ ಧೈರ್ಯ.

ದೀಪಾವಳಿಗೆ ಹೋದಾಗ ಬಿಚ್ಚಿದೆವು. ಮೊದಲ ಚೀಲ, ಇವತ್ತು ಒಡೆದ ಹಾಗೆ ಘಮ್ಮಂತ. ಎರಡನೆಯದರ ಬಾಯಿ ಕತ್ತರಿಸಿದ ಕೂಡಲೇ ದೊಡ್ಡಮ್ಮ ಸೆರಗು ಮೂಗಿಗಿಟ್ಟುಕೊಂಡರು. ಹುಳಿ ವಾಸನೆ. ಒಂದು ಚೂರು ನಾಲಿಗೆ ತುದಿಗೆ ಇಟ್ಟು ಉಗಿದೆ. ಥೇಟ್ ಸೋಪು.

"ಆಕ್ಸಿಜನ್ ಇರ್ಲಿಲ್ಲ ಅಂದೆಯಲ್ಲಪ್ಪ" ಅಂದರು ದೊಡ್ಡಪ್ಪ.

ಇರಲಿಲ್ಲ, ನಿಜ. ತಪ್ಪಾಗಿದ್ದು ಎಲ್ಲಿ ಅಂತ ನಾನು ಆಮೇಲೆ ಓದಿ ತಿಳಕೊಂಡೆ. ಎಣ್ಣೆ ಪದಾರ್ಥ ಕೆಡೋಕೆ ಎರಡು ದಾರಿ ಇವೆ. ಒಂದು, ಆಕ್ಸಿಜನ್ ಜೊತೆ ಸೇರಿ ಕಮಟು ಹಿಡಿಯೋದು. ಹಳೇ ಶೇಂಗಾ, ಹಳೇ ಕರಿದ ತಿಂಡಿ ಬಾಯಿಗಿಟ್ಟರೆ ಗಂಟಲು ಕೆರೆಯುತ್ತಲ್ಲ, ಅದು. ಇನ್ನೊಂದಕ್ಕೆ ಆಕ್ಸಿಜನ್ ಬೇಕಾಗಿಯೇ ಇಲ್ಲ, ನೀರು ಸಾಕು. ತಿರುಳಿನಲ್ಲಿರೋ, ಬೂಷ್ಟು-ಬ್ಯಾಕ್ಟೀರಿಯಾಗಳು ಬಿಡೋ ಕಿಣ್ವಗಳು ನೀರಿನ ಸಹಾಯದಿಂದ ಎಣ್ಣೆಯನ್ನು ಒಡೆದು ಕೊಬ್ಬಿನ ಆಮ್ಲಗಳನ್ನು ಬಿಡಿಸ್ತವೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಇರೋದು ಲಾರಿಕ್ ಆಮ್ಲ. ಸೋಪು ಮಾಡೋಕೆ ತೆಂಗಿನೆಣ್ಣೆ ಹಾಕೋದು ಅದಕ್ಕೇ, ನನ್ನ ನಾಲಿಗೆಗೆ ಸೋಪಿನ ರುಚಿ ಬಂದದ್ದೂ ಅದಕ್ಕೇ. ಹುಳಿ ವಾಸನೆ ಗಾಳಿ ಇಲ್ಲದೆಯೂ ಬದುಕೋ ಸೂಕ್ಷ್ಮಜೀವಿಗಳದ್ದು.

ಆ ವಿಡಿಯೋ ಮಾಡಿದವರು ಹೇಳದೆ ಬಿಟ್ಟ ಮಾತು ಇದೊಂದೇ. ಪೊಟ್ಟಣ ಗಾಳಿಯಲ್ಲಿರೋ ಆಕ್ಸಿಜನ್ ತಿನ್ನುತ್ತೆ, ನೀರು ಕುಡಿಯಲ್ಲ. ಒಣಗಿಸೋ ಕೆಲಸ ಮುಂಚೆಯೇ ಆಗಿರಬೇಕು. ಹಗೇವಿಗೂ ಒಣ ರಾಗಿಯನ್ನೇ ಸುರೀತಿದ್ದರು, ಹಸಿಯದ್ದನ್ನಲ್ಲ. ಅಟ್ಟದ ಕಾಯಿಗೆ ಒಣಗೋಕೆ ವರ್ಷ ಕೊಡ್ತಿದ್ದರು. ಚೀಲ, ಪೊಟ್ಟಣ ಇಷ್ಟೇ ಇಟ್ಟುಕೊಂಡು ಕೂತ ನಾನು ಅರ್ಧ ವಿದ್ಯೆ ತಂದಿದ್ದೆ.

ಇನ್ನೂ ಒಂದು ವಿಷಯ ಅವತ್ತು ತಿಳೀತು. ತೆಂಗಿನೆಣ್ಣೆಯ ಸುಮಾರು ಶೇ. 90 ಭಾಗ ಪರ್ಯಾಪ್ತ ಕೊಬ್ಬು. ಅದಕ್ಕೆ ಆಕ್ಸಿಜನ್ ತಾಗಿದರೂ ಬೇಗ ಕಮಟು ಹಿಡಿಯಲ್ಲ. ಅಂದರೆ, ಸರಿಯಾಗಿ ಒಣಗಿದ ಕೊಬ್ಬರಿಗೆ ಈ ಪೊಟ್ಟಣದಿಂದ ಆಗೋ ಲಾಭ ಹುಳ ಬಾರದೆ ಇರೋದು, ಘಮ ಉಳಿಯೋದು. ಶೇಂಗಾ, ಎಳ್ಳು, ಅಗಸೆ, ಹುಚ್ಚೆಳ್ಳು ಹಾಗಲ್ಲ. ಅವುಗಳ ಎಣ್ಣೆ ಬಹುಪಾಲು ಅಪರ್ಯಾಪ್ತ, ಆಕ್ಸಿಜನ್ ಸಿಕ್ಕಿದರೆ ಸಾಕು ಹಿಡಕೊಳ್ಳುತ್ತೆ. ಪೊಟ್ಟಣದ ನಿಜವಾದ ಉಪಯೋಗ ಅಲ್ಲಿ. ದೊಡ್ಡಮ್ಮ ಅದೇ ಜುಲೈನಲ್ಲಿ ಉಳಿದ ಒಂದು ಚೀಲಕ್ಕೆ ಹುರಿದ ಹುಚ್ಚೆಳ್ಳು ತುಂಬಿಸಿದ್ದರು, ಸುಮ್ಮನೆ ಇರಲಿ ಅಂತ. ದೀಪಾವಳಿಗೆ ಅದರ ಚಟ್ನಿಪುಡಿ ಕುಟ್ಟಿದಾಗ ಮನೆ ತುಂಬ ಪರಿಮಳ.

ಈಗ ಬೂಷ್ಟಿನ ವಿಷಯಕ್ಕೆ ಬರ್ತೀನಿ. ಇದನ್ನು ದಯವಿಟ್ಟು ಸಸಾರ ಮಾಡಬೇಡಿ. ತೇವ ಇರೋ ಕೊಬ್ಬರಿ ಮೇಲೆ ಹಸಿರು-ಹಳದಿ ಬೂಷ್ಟು ಬರುತ್ತಲ್ಲ, ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಜಾತಿಯದು ಇರಬಹುದು. ಅದು ಬಿಡೋ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದಾಗ ಕಾರಣ ಸಿಕ್ಕಿದ್ದು ಮೇವಿಗೆ ಹಾಕಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ. ಈ ವಿಷ ಲಿವರ್ ಕ್ಯಾನ್ಸರ್ ತರುತ್ತೆ ಅನ್ನೋದು ಇವತ್ತು ಅನುಮಾನ ಇಲ್ಲದ ಸಂಗತಿ. ಒರೆಸಿದರೆ ಹೋಗಲ್ಲ, ಬಿಸಿಲಿಗೆ ಹಾಕಿದರೆ ಹೋಗಲ್ಲ, ಹುರಿದರೂ ಪೂರ್ತಿ ಹೋಗಲ್ಲ. ನಮ್ಮ ಕಡೆ ಏನು ಮಾಡ್ತೀವಿ? ಬೂಷ್ಟು ಹಿಡಿದದ್ದನ್ನು ಒರೆಸಿ ಗಾಣಕ್ಕೆ ಹಾಕ್ತೀವಿ, ಹಿಂಡಿಯನ್ನು ಹಸುವಿಗೆ ಇಡ್ತೀವಿ. ಆ ವಿಷ ರೂಪ ಬದಲಿಸಿ ಹಾಲಿನಲ್ಲಿ ಬರುತ್ತೆ. ಆ ಹಾಲನ್ನು ಮಗುವಿಗೆ ಕುಡಿಸೋದು ನಾವೇ. ಪೊಟ್ಟಣ ಬೂಷ್ಟು ಹೊಸದಾಗಿ ಬೆಳೆಯೋದನ್ನು ತಡೆಯಬಹುದು. ಆಗಲೇ ಸೇರಿಕೊಂಡಿರೋ ವಿಷವನ್ನು ತೆಗೆಯೋ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಒಣಗಿದೆಯೋ ಇಲ್ಲವೋ ಮನೆಯಲ್ಲಿ ನೋಡೋದು ಹೇಗೆ? ಟಪ್ಪಂತ ಮುರಿಯೋ ಪರೀಕ್ಷೆ ಹೇಳಿದೆ, ಅದು ಮೊದಲನೆಯದು. ಇನ್ನೊಂದು ನನ್ನ ಉಪಾಯ. ಗಾಳಿಯ ತೇವಾಂಶ ತೋರಿಸೋ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತೆ, ಗಡಿಯಾರದಷ್ಟು ಇರುತ್ತೆ. ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ಕೊಬ್ಬರಿ ಚೂರೋ ಹುರಿಗಡಲೆಯೋ ಕಾಳೋ ತುಂಬಿ, ಈ ಮೀಟರ್ ಒಳಗಿಟ್ಟು, ಗಟ್ಟಿಯಾಗಿ ಮುಚ್ಚಿ ಒಂದು ದಿನ ಬಿಡಿ. ಶೇ. 65ಕ್ಕಿಂತ ಕಡಿಮೆ ತೋರಿಸಿದರೆ ಅದು ಬೂಷ್ಟು ಬೆಳೆಯದಷ್ಟು ಒಣಗಿದೆ ಅಂತ ಅರ್ಥ. ಎಪ್ಪತ್ತು, ಎಂಬತ್ತು ತೋರಿಸಿದರೆ ಪೊಟ್ಟಣ ಬಚ್ಚಿಟ್ಟು ಬಿಸಿಲು ನೋಡಿ.

ಲೆಕ್ಕವನ್ನೂ ಹೇಳಿಬಿಡ್ತೀನಿ, ಯಾಕೆಂದರೆ ಅಂಗಡಿಯವರು ಇದನ್ನು ಹೇಳಲ್ಲ. ಪೊಟ್ಟಣದ ಮೇಲೆ 100, 300, 500, 1000 ಅಂತ ಇರುತ್ತೆ. ಅಷ್ಟು ಸಿ.ಸಿ. ಆಕ್ಸಿಜನ್ ಹೀರುತ್ತೆ ಅಂತ. ಒಂದು ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಹೀರೋದು ಸುಮಾರು 300 ಸಿ.ಸಿ. ಈಗ ಎರಡೂವರೆ ಲೀಟರ್ ಹಿಡಿಯೋ ಚೀಲಕ್ಕೆ ಒಂದು ಕೆಜಿ ಕೊಬ್ಬರಿ ಚೂರು ಹಾಕಿದಿರಿ ಅನ್ನಿ. ಕೊಬ್ಬರಿ ಹಿಡಿಯೋ ಜಾಗ ಸುಮಾರು ಒಂದು ಲೀಟರ್. ಉಳಿದ ಒಂದೂವರೆ ಲೀಟರ್ ಗಾಳಿ. ಅದರಲ್ಲಿ ಐದರಲ್ಲೊಂದು ಪಾಲು ಆಕ್ಸಿಜನ್, ಅಂದರೆ 315 ಸಿ.ಸಿ. 300ರ ಪೊಟ್ಟಣ ಸಾಲದು, 500ರದ್ದು ಹಾಕಿ. ಹೆಚ್ಚಾದರೆ ನಷ್ಟ ಇಲ್ಲ, ಕಡಿಮೆಯಾದರೆ ಹಾಕಿಯೂ ಪ್ರಯೋಜನ ಇಲ್ಲ. ಉಂಡೆಯನ್ನು ಇಡಿಯಾಗಿ ತುಂಬೋಕೆ ಹೋಗಬೇಡಿ. ಅದರ ಹೊಟ್ಟೆಯೊಳಗೆ ಟೊಳ್ಳು, ಟೊಳ್ಳಿನ ತುಂಬ ಗಾಳಿ, ಪೊಟ್ಟಣದ ಲೆಕ್ಕಕ್ಕೆ ಅದು ಸಿಗೋದಿಲ್ಲ. ಹೋಳು ಮಾಡಿ ತುಂಬಿ.

ಚೀಲ ಮುಚ್ಚಿದ ಮೇಲೆ ಪೂರ್ತಿ ಅಂಟಿಕೊಳ್ಳಲಿಲ್ಲ ಅಂತ ಗಾಬರಿ ಬೇಡ. ಹೋಗೋದು ಐದರಲ್ಲೊಂದು ಪಾಲು ಗಾಳಿ ಮಾತ್ರ. ಉಳಿದದ್ದು ನೈಟ್ರೋಜನ್, ಅದು ಇದ್ದರೆ ಒಳ್ಳೇದೇ. ಸಾಮಾನ್ಯ ಪ್ಲಾಸ್ಟಿಕ್ ಕವರ್ ಆಗೋದಿಲ್ಲ, ಅದರ ಮೂಲಕ ಆಕ್ಸಿಜನ್ ನಿಧಾನಕ್ಕೆ ಒಳಗೆ ಬರ್ತಾನೇ ಇರುತ್ತೆ. ಅಲ್ಯೂಮಿನಿಯಂ ಪದರದ ಚೀಲ ಬೇಕು, ಇಲ್ಲವೇ ರಬ್ಬರ್ ಪಟ್ಟಿಯ ಮುಚ್ಚಳ ಇರೋ ಗಾಜಿನ ಬಾಟಲಿ. ಚೀಲದ ಬಾಯಿಯನ್ನು ಇಸ್ತ್ರಿಪೆಟ್ಟಿಗೆಯಿಂದಲೇ ಒತ್ತಿ ಅಂಟಿಸಬಹುದು, ನಾವು ಮಾಡಿದ್ದು ಹಾಗೇ. ಪೊಟ್ಟಣಗಳ ಕಟ್ಟು ಬಿಚ್ಚಿದ ಕೂಡಲೇ ಅವು ಕೆಲಸ ಶುರು ಮಾಡಿಬಿಡ್ತವೆ. ಎಲ್ಲ ತುಂಬಿಟ್ಟುಕೊಂಡು ಕೊನೆಗೆ ಬಿಚ್ಚಿ, ಮಿಕ್ಕಿದ್ದನ್ನು ಪುಟ್ಟ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಒಳಗೆ ಪುಡಿಪುಡಿಯಾಗಿ ಆಡ್ತಿದ್ದರೆ ಇನ್ನೂ ಜೀವ ಇದೆ, ಬಿಲ್ಲೆಯ ಹಾಗೆ ಗಟ್ಟಿಯಾಗಿದ್ದರೆ ಮುಗಿದಿದೆ. ಬಿಸ್ಕತ್ ಡಬ್ಬಿಯಲ್ಲಿ ಸಿಗೋ ಸಿಲಿಕಾ ಜೆಲ್ ಪೊಟ್ಟಣ ಬೇರೆ, ಅದು ತೇವ ಹೀರೋದು. ಎರಡನ್ನೂ ಒಟ್ಟಿಗೆ ಹಾಕಿದರೆ ಡಬಲ್ ರಕ್ಷಣೆ ಅಂದುಕೊಳ್ತಾರೆ. ಕಬ್ಬಿಣಕ್ಕೆ ಬೇಕಾದ ಪಸೆಯನ್ನೂ ಸಿಲಿಕಾ ಕುಡಿದು, ಇದರ ಕೆಲಸ ನಿಧಾನ ಆಗುತ್ತೆ.

ಹಾಕಬಾರದ್ದು ಯಾವುದು? ಉಪ್ಪು, ಸಕ್ಕರೆಗೆ ಬೇಡ, ಅವು ಕಲ್ಲಾಗ್ತವೆ, ಅವಕ್ಕೆ ಇದರ ಅಗತ್ಯವೂ ಇಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲ ಕಟ್ಟಿಡುವಾಗ ಬೆಲ್ಲದ ಚೂರನ್ನು ಬೇರೆ ಇಡಿ, ಅದರ ಪಸೆ ಕೊಬ್ಬರಿಗೂ ಹುರಿಗಡಲೆಗೂ ಇಳಿಯುತ್ತೆ. ಹಸಿ ತೆಂಗಿನತುರಿ, ಬೆಳ್ಳುಳ್ಳಿ ಹಸಿಯಾಗಿ ಕುಟ್ಟಿ ಸೇರಿಸಿದ ಚಟ್ನಿಪುಡಿ, ಸರಿಯಾಗಿ ಒಣಗದ ಸಂಡಿಗೆ, ಇವನ್ನು ಯಾವ ಕಾರಣಕ್ಕೂ ಪೊಟ್ಟಣ ಹಾಕಿ ಮುಚ್ಚಿ ಹೊರಗೆ ಇಡಬೇಡಿ. ನೀರಿನಂಶ ಚೆನ್ನಾಗಿದ್ದು ಆಕ್ಸಿಜನ್ ಇಲ್ಲದ ಜಾಗದಲ್ಲೇ ಬೆಳೆಯೋ ಬ್ಯಾಕ್ಟೀರಿಯಾ ಒಂದಿದೆ, ಬಾಟುಲಿಸಂ ತರುವಂಥದ್ದು. ಅದರ ವಿಷ ನರಗಳನ್ನು ನಿಲ್ಲಿಸಿಬಿಡುತ್ತೆ, ಉಸಿರಾಟವೂ ನಿಲ್ಲಬಹುದು. ವಾಸನೆಯಲ್ಲಿ, ಬಣ್ಣದಲ್ಲಿ ಸುಳಿವು ಸಿಗದೇ ಇರಬಹುದು. ಒಣ ಪದಾರ್ಥದಲ್ಲಿ ಅದು ಬೆಳೆಯೋಕೆ ಆಗಲ್ಲ. ನಮ್ಮ ಸೋಪಿನ ಕೊಬ್ಬರಿಯನ್ನು ನಾನು ನಾಲಿಗೆಗೆ ಇಟ್ಟೆ ಅಂದೆನಲ್ಲ, ಅದು ದಡ್ಡತನ. ನೀವು ಮಾಡಬೇಡಿ.

ಇನ್ನು ದೊಡ್ಡಪ್ಪನ ಮೂಲ ಪ್ರಶ್ನೆ. ಕ್ವಿಂಟಲ್‌ಗಟ್ಟಲೆ ಕೊಬ್ಬರಿಯನ್ನು ಬೆಲೆ ಬರೋವರೆಗೆ ಹೀಗೆ ಇಡಬಹುದಾ? ನನ್ನ ಉತ್ತರ, ಆಗಲ್ಲ. ಆರು ಕ್ವಿಂಟಲ್‌ಗೆ ಕೆಜಿ ಲೆಕ್ಕದಲ್ಲಿ ಆರು ನೂರು ಚೀಲ, ಆರು ನೂರು ಪೊಟ್ಟಣ, ಅಷ್ಟನ್ನೂ ಹೋಳು ಮಾಡೋ ಕೂಲಿ. ಹೋಳು ಮಾಡಿದ ಮೇಲೆ ಅದು ಉಂಡೆ ಕೊಬ್ಬರಿಯೇ ಅಲ್ಲ, ಉಂಡೆಯ ಬೆಲೆ ಸಿಗಲ್ಲ. ಅದರ ಬದಲು ದೊಡ್ಡ ಶೀಟಿನಲ್ಲಿ ಮುಚ್ಚಿಡೋಣ ಅಂದರೆ ತೇವದ ಕೊಬ್ಬರಿಯ ರಾಶಿ ತಾನಾಗೇ ಬಿಸಿಯಾಗುತ್ತೆ. ಇದು ಹೆದರಿಸೋ ಮಾತಲ್ಲ. ಅಂತರರಾಷ್ಟ್ರೀಯ ಸಾಗಾಟದ ಪಟ್ಟಿಯಲ್ಲಿ ಕೊಬ್ಬರಿ ಅಪಾಯಕಾರಿ ಸರಕು, ಯುಎನ್ ನಂಬರ್ 1363, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗ. ಹಡಗಿನ ಉಗ್ರಾಣದಲ್ಲಿ ಅದು ಸುತ್ತಲಿನ ಆಕ್ಸಿಜನ್ನನ್ನೂ ಹೀರಿಕೊಳ್ಳುತ್ತೆ, ಪರೀಕ್ಷೆ ಮಾಡದೆ ಒಳಗೆ ಇಳಿಯಬಾರದು ಅಂತ ನಿಯಮ ಇದೆ. ಮತ್ತೆ ಹಗೇವಿನ ಕಥೆಯೇ.

ಇಡಬೇಕಾದರೆ ಚಿಪ್ಪಿನೊಳಗೇ ಇಡಬೇಕು. ಅಟ್ಟದಲ್ಲಿ, ಸೋರದ ಮಾಡಿನ ಕೆಳಗೆ, ಇಲಿ-ಹೆಗ್ಗಣ ಹತ್ತದ ಹಾಗೆ. ಅಲ್ಲೂ ತೂಕ ಇಳಿಯುತ್ತೆ, ಒಂದಷ್ಟು ಕೊಳೆಯುತ್ತೆ, ಲೆಕ್ಕ ಹಾಕಿಯೇ ಇಡಬೇಕು. ಆದರೆ ಒಡೆದ ಕೊಬ್ಬರಿಗೆ ಸಿಗದ ಸಮಯ ಒಡೆಯದ ಕಾಯಿಗೆ ಸಿಗುತ್ತೆ.

ಹಾಗಿದ್ದ ಮೇಲೆ ರೈತ ಯಾಕೆ ಒಡೀತಾನೆ? ಸ್ವಾಮಿ, ಜೂನ್‌ನಲ್ಲಿ ಮಕ್ಕಳ ಫೀಸು. ಬಿತ್ತನೆ ಬೀಜ, ಗೊಬ್ಬರ. ಸೊಸೈಟಿ ಸಾಲದ ಕಂತು. ಬೆಲೆ ಎಂಟು ಸಾವಿರ ಇದ್ದರೂ ಒಡೀಲೇಬೇಕು. ಅಟ್ಟ ದೊಡ್ಡದಿದ್ದು, ಕೈಯಲ್ಲಿ ಬೇರೆ ದುಡ್ಡು ಇರೋನಿಗೆ ಮಾತ್ರ ಕಾಯೋ ಭಾಗ್ಯ. ಉಗ್ರಾಣದ ರಸೀದಿ ಮೇಲೆ ಸಾಲ ಕೊಡೋಕೆ ದೇಶದಲ್ಲಿ 2007ರ ಕಾನೂನು ಇದೆ. ಆ ಉಗ್ರಾಣ ತೇವ ಅಳೆದು, ಒಣಗಿಸಿ ಇಡುವಂಥದ್ದಾಗಿದ್ದು, ಹೋಬಳಿಗೊಂದು ಇದ್ದರೆ ನಾನು ಈ ಲೇಖನವನ್ನು ಬೇರೆ ಥರ ಬರೀತಿದ್ದೆ.

ದೊಡ್ಡಪ್ಪ ಆ ಆರು ಕ್ವಿಂಟಲನ್ನು ಅದೇ ಆಗಸ್ಟಿನಲ್ಲಿ ಮಾರಿಬಿಟ್ಟರು. ಎರಡೇ ವರ್ಷ. 2025ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 20,000 ದಾಟಿತು. ಕಾಯೆಲ್ಲ ಎಳನೀರಿಗೆ ಹೋಗಿ, ಮರಕ್ಕೆ ರೋಗ ಬಡಿದು ಇಳುವರಿ ಇಳಿದು, ಅಟ್ಟಗಳು ಖಾಲಿಯಿದ್ದ ಹೊತ್ತು. ಆ ದಿನ ಸ್ಟುಡಿಯೋದಲ್ಲಿ ಬೆಲೆಯ ಗ್ರಾಫಿಕ್ಸ್ ಹಾಕಿ ನಾನೇ ಸುದ್ದಿ ಓದಿದೆ. ಓದ್ತಾ ಓದ್ತಾ ಆರು ಕ್ವಿಂಟಲ್, ಹನ್ನೆರಡು ಸಾವಿರ ಅಂತ ತಲೆಯೊಳಗೆ ಲೆಕ್ಕ ಓಡ್ತಿತ್ತು. ಎಪ್ಪತ್ತೆರಡು ಸಾವಿರ ವ್ಯತ್ಯಾಸ.

ಬುಲೆಟಿನ್ ಮುಗೀತಿದ್ದ ಹಾಗೆ ಫೋನ್ ಬಂತು. ಬೆಲೆ ವಿಷಯ ಎತ್ತುತ್ತಾರೆ ಅಂತ ಕಾದೆ. ಅವರು ಎತ್ತಲಿಲ್ಲ.

"ನಿಮ್ಮ ದೊಡ್ಡಮ್ಮ ಕೇಳ್ತಾವಳೆ, ಹುಚ್ಚೆಳ್ಳಿಗೆ ಹಾಕೋ ಆ ಪೊಟ್ಟಣ ಇನ್ನೊಂದು ಹತ್ತು ಬೇಕಂತೆ. ಮುನ್ನೂರರದ್ದು ಬೇಡ, ಐನೂರರದ್ದು ತಗಂಬಾ."